ಬೈಯಲು ಬಂದ ಭಾಷೆ

ಮೂರು ವಾರದಿಂದ ಪಾಜಿ ಮೇಷ್ಟ್ರಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಟಾಂಜಾನಿಯಾದಲ್ಲಿ ನೂರಕ್ಕೂ ಮಿಕ್ಕಿ ಭಾಷೆ. ಎಲ್ಲರಿಗೂ ಸ್ವಾಹಿಲಿ ಬರಲೇಬೇಕೆಂಬುದು ಹೊಸ ಸರ್ಕಾರದ ಹಟ. ಅದಕ್ಕೇ ಅವನನ್ನು ಕರಾವಳಿಯಿಂದ ತಬೋರಾ ಕಡೆಯ ಈ ನ್ಯಾಮ್ವೇಜಿ ಹಳ್ಳಿಗೆ ಕಳಿಸಿದ್ದರು. ಮಾವಿನ ಮರದಡಿ ಮೂವತ್ತು ಜನ ದಿನವೂ ಬಂದು ಕೂರುತ್ತಿದ್ದರು. ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಬಾಯಿ ಮಾತ್ರ ಬಿಡುತ್ತಿರಲಿಲ್ಲ. ಸೊಸೆ ಪಕ್ಕದಲ್ಲಿರುವಾಗ ತೊದಲಿ ನಗೆಪಾಟಲಾಗಲು ಯಾವ ಅತ್ತೆ ಒಪ್ಪುತ್ತಾಳೆ?

ಶುಕ್ರವಾರ ಇನ್‌ಸ್ಪೆಕ್ಟರು ಬರುವವರಿದ್ದರು. ಯಾರೂ ಮಾತಾಡದಿದ್ದರೆ ತರಗತಿ ಮುಚ್ಚುವುದೆಂದು ಕಾಗದ ಬಂದಿತ್ತು.

ಬುಧವಾರ, ತರಗತಿಗೆ ಬರುತ್ತಿದ್ದ ಕಬೂಲಾ ಅಜ್ಜಿಯ ಅಣ್ಣ ತೀರಿಕೊಂಡ. ಪಾಜಿಯ ಜರಾಮೊ ಜನಕ್ಕೂ ನ್ಯಾಮ್ವೇಜಿಗಳಿಗೂ ತಲೆಮಾರುಗಳಿಂದ ತಮಾಷೆಯ ನಂಟು. ಏನು ಬೈದರೂ ಸಿಟ್ಟಾಗುವಂತಿಲ್ಲ. ಸಾವಿನ ಮನೆಯಲ್ಲಂತೂ ಬೈದು ನಗಿಸಲೇಬೇಕು. ಸರ್ಕಾರಿ ಮೇಷ್ಟ್ರು ಹೀಗೆ ಮಾಡಬಹುದೇ ಎಂದು ಪಾಜಿ ಚಡಪಡಿಸಿದ. ಕೊನೆಗೆ ಹೆಣ ಹೊರಟ ದಾರಿಗೆ ಅಡ್ಡ ಮಲಗಿಯೇಬಿಟ್ಟ.

"ಈ ಸೋಮಾರಿ ಬದುಕಿದ್ದಾಗ್ಲೂ ಮಲಗೇ ಇದ್ದ, ಈಗ್ಲೂ ನಿಮ್ಮ ಹೆಗಲ ಮೇಲೆ ಮಲಗಿ ಹೊರಟಿದಾನೆ! ಒಂದು ಕೋಳಿ ಕೊಡಿ, ದಾರಿ ಬಿಡ್ತೀನಿ."

ಅಳು ಗಕ್ಕನೆ ನಿಂತಿತು. ಕಬೂಲಾ ಅಜ್ಜಿ ಮುಂದೆ ಬಂದಳು. ತನ್ನ ನ್ಯಾಮ್ವೇಜಿ ಮಾತಿನಲ್ಲಿ ಬೈದರೆ ಈ ಕರಾವಳಿಯವನಿಗೆ ತಾಕುವುದಿಲ್ಲ. ತಾಕದಂತೆ ಬೈದು ಏನು ಬಂತು? ಸ್ವಾಹಿಲಿಯಲ್ಲೇ ಶುರುಮಾಡಿದಳು.

"ಏಳೋ ಮೀನು ಮೂತಿ! ನಿಮ್ಮಜ್ಜನ ವ್ಯಾಪಾರದ ಗಂಟು... ಕಡಲತನಕ ನಮ್ಮಜ್ಜ ಹೊತ್ತ! ಕೋಳಿ ಬೇಕಾ ನಿಂಗೆ?"

ಮೇಷ್ಟ್ರ ಮುಖ ನೋಡಿ ಅಜ್ಜಿಯ ಸೊಸೆ ಕಿಸಕ್ಕನೆ ನಕ್ಕಳು. ತಾನೂ ಒಂದು ಮಾತು ಸೇರಿಸಿದಳು. ಸ್ಮಶಾನದವರೆಗೂ ಒಬ್ಬರಾದ ಮೇಲೊಬ್ಬರು ಸ್ವಾಹಿಲಿಯಲ್ಲೇ ಅವನನ್ನು ಬೈದರು.

ಆದರೆ ಶುಕ್ರವಾರ ಇನ್‌ಸ್ಪೆಕ್ಟರು ಕುರ್ಚಿಯಲ್ಲಿ ಕೂತು, "ಅಮ್ಮಾ, ಹೊಲದಲ್ಲಿ ಏನು ಬೆಳೀತೀರಿ?" ಎಂದಾಗ ಮತ್ತೆ ಎಲ್ಲರ ತಲೆ ಕೆಳಗೆ. ಇನ್‌ಸ್ಪೆಕ್ಟರು ಪೆನ್ನಿನ ಮುಚ್ಚಳ ತೆಗೆದರು. ಪಾಜಿ ಲೆಕ್ಕ ಹಾಕಿದ. ಬಾಯಿ ಬಿಟ್ಟರೆ ತನ್ನ ಕೆಲಸ ಹೋದೀತು, ಬಿಡದಿದ್ದರೆ ತರಗತಿ.

"ಇವರೇನು ಬೆಳೀತಾರೆ ಸಾರ್, ಇವರ ಹೊಲದಲ್ಲಿ ಇಲಿಗೂ ಉಪವಾಸ," ಎಂದುಬಿಟ್ಟ.

"ಏನಂದೆ?" ಕಬೂಲಾ ಎದ್ದಳು. "ಮೊನ್ನೆ ಮೂರು ಸಲ ಹಾಕಿಸ್ಕೊಂಡು ನುಂಗಿದ್ಯಲ್ಲ ಜೋಳದ ಮುದ್ದೆ, ಅದನ್ನ ನಿಮ್ಮಮ್ಮ ಸಮುದ್ರದಲ್ಲಿ ಬಲೆ ಹಾಕಿ ಹಿಡಿದಿದ್ಲಾ?"

"ಕಡಲೆಕಾಯಿ ಜೇಬಿಗೂ ತುಂಬ್ಕೊಂಡ!" ಎಂದಳು ಸೊಸೆ. ಹಿಂದಿನ ಸಾಲಿನವರು ಅವನ ನಡಿಗೆ, ಟೋಪಿ, ಗೊರಕೆ ಒಂದನ್ನೂ ಬಿಡಲಿಲ್ಲ.

"ಏನಿದು? ಸರ್ಕಾರಿ ಮೇಷ್ಟ್ರ ಹತ್ತಿರ ಹೀಗಾ ಮಾತಾಡೋದು?" ಇನ್‌ಸ್ಪೆಕ್ಟರು ಗದರಿದರು.

"ಇದು ಅವನಿಗೂ ನಮಗೂ ಇರೋದು ಸ್ವಾಮಿ. ನೀವು ಯಾವ ಜನ?" ಎಂದಳು ಕಬೂಲಾ.

"ಹಾಯಾ ಜನ."

"ಹಾಗಾದ್ರೆ ನಿಮ್ಮನ್ನ ಬಯ್ಯೋ ಹಕ್ಕು ನಮಗಿಲ್ಲ. ಬಿಸಿಲಲ್ಲಿ ಬಂದಿದೀರಿ, ನೀರು ಕುಡೀರಿ."

ಇನ್‌ಸ್ಪೆಕ್ಟರು ನೀರು ಕುಡಿದರು. ಆಮೇಲೆ, 'ಮಾತಾಡುತ್ತಾರೆ, ತರಗತಿ ಮುಂದುವರಿಯಲಿ' ಎಂದು ಬರೆದು ಪೆನ್ನು ಮುಚ್ಚಿದರು.

"ಮುಂದಿನ ಸಲಕ್ಕೆ ಬಯ್ಯದೆ ಮಾತಾಡೋದನ್ನೂ ಕಲಿಸಿ."

"ಅದಕ್ಕೆ ಬೇರೆ ಮೇಷ್ಟ್ರನ್ನ ಕಳಿಸ್ಬೇಕು," ಅಂದಳು ಕಬೂಲಾ.

ಇನ್‌ಸ್ಪೆಕ್ಟರು ಮತ್ತೆ ಪೆನ್ನು ತೆಗೆದರು.

"ತಮಾಷೆ ಸಾರ್, ಅದು ತಮಾಷೆ! ಬರೀಬೇಡಿ!" ಎಂದು ಪಾಜಿ ಓಡಿಬಂದ.