ಐದನೆಯ ಕೋಟೆ

ಇಟಲಿಯ ಗುಡ್ಡದ ಮೇಲಿನ ನಮ್ಮ ಊರು ರೊಕ್ಕಸ್ಕೂರದ ಕೋಟೆಯ ಬೀಗದ ಕೈ ನನ್ನ ಹತ್ತಿರ ಬಂದು ಹತ್ತೊಂಬತ್ತು ವರ್ಷವಾಯಿತು. ಮೊದಲು ನನ್ನ ಗಂಡನ ಹತ್ತಿರ ಇತ್ತು, ಅವನು ಹೋದ ಮೇಲೆ ನನಗೆ ಬಂತು. ಕೆಲಸ ದೊಡ್ಡದೇನಲ್ಲ. ಬಂದವರಿಗೆ ಮೂರು ಯೂರೋದ ಚೀಟಿ ಹರಿದು ಕೊಡುವುದು, ಅಂಗಳ ತೋರಿಸುವುದು, ದೊಡ್ಡ ಹಜಾರ ತೋರಿಸುವುದು, ಹಳೆಯ ಅಡುಗೆಮನೆಯ ಒಲೆಯೊಳಗೆ ತಲೆ ಹಾಕಬೇಡಿ ಅನ್ನುವುದು. ಗೋಪುರವನ್ನು ಮಾತ್ರ ತೋರಿಸುವ ಹಾಗಿಲ್ಲ. ಮೆಟ್ಟಿಲು ಕಿರಿದು, ಸುತ್ತು ಹೆಚ್ಚು. ಪುರಸಭೆಯವರು ಹತ್ತಬಾರದು ಅಂತ ಬಾಗಿಲಿಗೆ ಹಲಗೆಯನ್ನೇ ತೂಗುಹಾಕಿದ್ದಾರೆ. ಆದರೆ ಪಾರಿವಾಳದ ಹಿಕ್ಕೆ ಗುಡಿಸಬೇಕಲ್ಲ, ಅದಕ್ಕೆ ಅದರ ಬೀಗದ ಕೈಯೂ ನನ್ನ ಗೊಂಚಲಿನಲ್ಲೇ ಇತ್ತು.

ಜೂನ್ ತಿಂಗಳ ಒಂದು ಭಾನುವಾರ. ಕೆಳಗೆ ಮಾಗ್ರಾ ಹೊಳೆಯ ಪಕ್ಕದ ರಸ್ತೆಯಲ್ಲಿ ಸೈಕಲ್ ಪಂದ್ಯ ಇತ್ತು. ಬೆಳಿಗ್ಗೆ ನನ್ನ ಮೈದುನ ಲೋರಿಸ್ ತನ್ನ ಕಾಫಿ ಅಂಗಡಿಯ ಬಾಗಿಲಲ್ಲಿ ನಿಂತು ಕೂಗಿದ: "ಅತ್ತಿಗೆ, ಇವತ್ತು ನಿನ್ನ ಕೋಟೆಗೆ ಕಾಗೆನೂ ಬರಲ್ಲ. ಊರಿಗೆ ಊರೇ ಸೈಕಲ್ ನೋಡಕ್ಕೆ ಇಳಿದು ಹೋಗಿದೆ."

"ನಿನ್ನ ಕಾಫಿ ಕುಡಿಯೋರೂ ಇಲ್ಲ ಅಂತಾಯ್ತು. ಜನರ ಹೊಟ್ಟೆಗೆ ಒಂದು ದಿನ ರಜಾ," ಅಂದೆ.

ಹನ್ನೊಂದೂವರೆಗೆ ಇಬ್ಬರು ಬಂದರು, ವಯಸ್ಸಾದ ಗಂಡ ಹೆಂಡತಿ. ಆತ ಉದ್ದ ಮನುಷ್ಯ, ಕೊರಳಲ್ಲಿ ದುರ್ಬೀನು. ಆಕೆ ಗುಂಡಗೆ, ಮೊಣಕಾಲು ಹಿಡಿದುಕೊಂಡು ಏದುಸಿರು ಬಿಡುತ್ತಿದ್ದಳು.

"ಇನ್ನೂ ಹತ್ತಬೇಕೇನಮ್ಮಾ?" ಅಂತ ನನ್ನನ್ನು ಕೇಳಿದಳು. "ಈ ಮನುಷ್ಯ ಕೆಲಸದಿಂದ ಬಿಡುಗಡೆ ಆದ್ಮೇಲೆ ಬಾಲ್ಕನಿಯಲ್ಲಿ ಕೂತು ಟೊಮೇಟೊ ಬೆಳೀತಾನೆ ಅಂದ್ಕೊಂಡಿದ್ದೆ. ನೋಡಿದ್ರೆ ನನ್ನನ್ನ ಗುಡ್ಡ ಹತ್ತಿಸ್ತಾ ಇದ್ದಾನೆ. ಇದು ಐದನೇ ಕೋಟೆ. ಒಂದೇ ವಾರದಲ್ಲಿ!"

"ರೈಲಿಂದ ಕಾಣೋದ್ರಲ್ಲಿ ಇನ್ನು ಮೂರೇ ಬಾಕಿ, ನೋರ್ಮಾ," ಅಂದ ಆತ.

"ಆಮೇಲೆ ನನ್ನನ್ನ ಅಲ್ಲೇ ಹೂತು ಬಿಟ್ಟು ಬಾ."

ಆತನ ಹೆಸರು ಅರ್ಮಿದೊ. ಪಾರ್ಮಾ ನಗರದವನು. ನಮ್ಮ ಕಣಿವೆಯ ರೈಲಿನ ಚಾಲಕನಾಗಿದ್ದನಂತೆ, ಮೂವತ್ತೊಂದು ವರ್ಷ. ಎರಡು ಸುರಂಗಗಳ ನಡುವೆ ನಮ್ಮ ಗೋಪುರ ಹದಿನೇಳು ಸೆಕೆಂಡು ಕಾಣುತ್ತದೆ ಅಂದ. "ಗಡಿಯಾರ ಹಿಡಿದು ನೋಡಿದ್ದೀನಿ ಅಮ್ಮಾ. ಹಿಮ ಬಿದ್ದಾಗ ನೋಡಿದ್ದೀನಿ, ಮಂಜಲ್ಲಿ ನೋಡಿದ್ದೀನಿ. ಒಂದ್ಸಲಾನೂ ಇಳಿದು ಬರೋಕಾಗ್ಲಿಲ್ಲ. ಇಂಜಿನ್ ಬಿಟ್ಟು ಇಳಿಯೋಕಾಗುತ್ತಾ?"

ಅಂಗಳ ನೋಡಿದರು, ಹಜಾರ ನೋಡಿದರು. ಆತನ ಕಣ್ಣು ಮಾತ್ರ ಗೋಪುರದ ಬಾಗಿಲ ಮೇಲೇ ಇತ್ತು. ಹಲಗೆ ಓದಿದ. ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ: "ಐದೇ ನಿಮಿಷ. ಮೇಲಿಂದ ಆ ಹಳಿ ಒಂದ್ಸಲ ನೋಡ್ತೀನಿ, ಅಷ್ಟೇ."

ಆಗಲ್ಲ ಅಂದೆ. ಇನ್ನೊಮ್ಮೆ ಕೇಳಿದ. ಮುಖ ಸ್ವಲ್ಪ ಬಿಳಿಚಿಕೊಂಡಿದ್ದು ನಾನು ಗಮನಿಸಿದ್ದೆ. ಗುಡ್ಡ ಹತ್ತಿ ಬಂದವರಿಗೆಲ್ಲ ಹಾಗಾಗುತ್ತದೆ ಅಂದುಕೊಂಡೆ. ಕೈ ಗೊಂಚಲಿಗೆ ಹೋಯಿತು.

"ನಾನಂತೂ ಬರಲ್ಲಪ್ಪ," ಅಂತ ನೋರ್ಮಾ ಬಾವಿಯ ಕಟ್ಟೆಯ ಮೇಲೆ ಕೂತು ಚಪ್ಪಲಿ ಬಿಚ್ಚಿದಳು.

ನಾನು ಮುಂದೆ, ಆತ ಹಿಂದೆ. ನಡುವೆ ಎರಡು ಸಲ ನಿಂತ. ಮೇಲೆ ತಲುಪುವಾಗ ಚರ್ಚಿನಲ್ಲಿ ಹನ್ನೆರಡರ ಗಂಟೆ ಹೊಡೆಯುತ್ತಿತ್ತು. ಅರ್ಮಿದೊ ಗೋಡೆಗೆ ಒರಗಿ ದುರ್ಬೀನು ಎತ್ತಿದ, ಮಕ್ಕಳ ಹಾಗೆ ನಕ್ಕ. "ಅದೋ ನೋಡಿ ಹಳಿ. ಅದೋ ಸೇತುವೆ. ಅದರಾಚೆ ಇದೆಯಲ್ಲ, ಆ… ಆ ಚಮಚ."

"ಏನಂದ್ರಿ?"

"ಚಮಚ," ಅಂದ ಮತ್ತೆ, ಸುರಂಗದ ಕಡೆ ಬೆರಳು ತೋರಿಸಿ. ತನ್ನ ಮಾತಿಗೆ ತಾನೇ ಬೆಚ್ಚಿದ. ನಗಲು ಹೋದ. ಬಾಯಿ ಒಂದೇ ಕಡೆಗೆ ಎಳೆಯಿತು. ದುರ್ಬೀನು ಕೈಯಿಂದ ಜಾರಿತು, ಆಮೇಲೆ ಆತನೇ ಗೋಡೆಯುದ್ದಕ್ಕೂ ಜಾರತೊಡಗಿದ. ನಾನು ಎರಡೂ ಕೈಯಿಂದ ತಬ್ಬಿ ಹಿಡಿದೆ. ಆ ಭಾರಕ್ಕೆ ನಾನೂ ಜೊತೆಗೇ ಕುಸಿದು ಕೂತೆ.

ಫೋನು ಕೆಳಗೆ ಚೀಟಿ ಮೇಜಿನ ಮೇಲಿತ್ತು. ಆತನ ತಲೆ ನನ್ನ ತೊಡೆಯ ಮೇಲೆ. ಬಿಟ್ಟು ಏಳುವಂತಿಲ್ಲ. ಗಂಟಲು ಹರಿಯುವ ಹಾಗೆ ಲೋರಿಸನನ್ನು ಕೂಗಿದೆ. ನೋರ್ಮಾ ಮೊದಲು ನಕ್ಕಳಂತೆ, ಗಂಡ ಏನೋ ತಮಾಷೆ ಮಾಡಿಸುತ್ತಿದ್ದಾನೆ ಅಂತ. ಎರಡನೇ ಕೂಗಿಗೆ ಬರಿಗಾಲಲ್ಲೇ ಆ ಮೆಟ್ಟಿಲುಗಳನ್ನೆಲ್ಲ ಕೈ ಊರಿಕೊಂಡು ಹತ್ತಿ ಬಂದಳು.

"ಅರ್ಮಿದೊ, ಸಾಕು ಏಳು. ಏಳೋ. ಇವರ ಮುಂದೆ ಏನಿದು?" ಅಂದಳು. ಆತ ಎಡಗೈಯಿಂದ ಅವಳ ಬೆರಳು ಹಿಡಿದ. ಬಲಗೈ ಯಾರದೋ ಕೈ ಅನ್ನುವ ಹಾಗೆ ಕಲ್ಲಿನ ಮೇಲೆ ಬಿದ್ದಿತ್ತು.

ಲೋರಿಸ್ ಫೋನು ಮಾಡಿದ. ಹೆಲಿಕಾಪ್ಟರ್ ಇನ್ನೊಂದು ಕಣಿವೆಯ ಅಪಘಾತಕ್ಕೆ ಹೋಗಿತ್ತು. ಆಂಬುಲೆನ್ಸ್ ಹೊರಟಿದೆ ಅಂದರು. ಬಿಸಿಲು ನೆತ್ತಿಯ ಮೇಲಿತ್ತು. ಲೋರಿಸ್ ಅಂಗಡಿಯ ದೊಡ್ಡ ಕೊಡೆ ತಂದು ಹಿಡಿದು ನಿಂತ. 

ಮುಕ್ಕಾಲು ಗಂಟೆ ಕಳೆದ ಮೇಲೆ ಆಂಬುಲೆನ್ಸಿನ ಸ್ವಯಂಸೇವಕರು ಊರಬಾಗಿಲಿಂದ ಸ್ಟ್ರೆಚರ್ ಹೊತ್ತು ಬಂದರು. ಅವರ ಜೊತೆ ಮಿರೆಲ್ಲಾ ಇದ್ದಳು, ಉಳಿದ ದಿನ ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಅರ್ಮಿದೊನ ಕಣ್ಣು, ಕೈ ನೋಡಿದವಳೇ ನನ್ನನ್ನು ಕೇಳಿದಳು: "ಎಷ್ಟೊತ್ತಿಗೆ ಶುರುವಾಯ್ತು, ನಿವೆಸ್? ಸರಿಯಾಗಿ ಹೇಳು."

"ಗಂಟೆ ಹೊಡೀತಿತ್ತು. ಹನ್ನೆರಡು."

"ಲಕ್ವ ಇದು. ನಾಲ್ಕೂವರೆ ಒಳಗೆ ಆಸ್ಪತ್ರೇಲಿರಬೇಕು. ರಕ್ತದ ಗಡ್ಡೆ ಕರಗಿಸೋ ಔಷಧಿ ಆಮೇಲೆ ಕೊಡಕ್ಕಾಗಲ್ಲ."

ಬೇಕಾದಷ್ಟು ಹೊತ್ತಿದೆ ಅಂದುಕೊಂಡೆ. ಆದರೆ ಸ್ಟ್ರೆಚರ್ ಎರಡನೆಯ ಸುತ್ತಿನಲ್ಲೇ ಸಿಕ್ಕಿಕೊಂಡಿತು. ಕುರ್ಚಿ ತಂದರು, ಅದೂ ತಿರುಗಲಿಲ್ಲ. ಕಂಬಳಿಯಲ್ಲಿ ಸುತ್ತಿ ನಾಲ್ವರು ಎತ್ತಿ ಇಳಿಸಲು ನೋಡಿದರು. ಹತ್ತು ಮೆಟ್ಟಿಲು ಇಳಿಯುವಷ್ಟರಲ್ಲಿ ಆತನ ಕಾಲು ಗೋಡೆಗೂ ಮೆಟ್ಟಿಲ ನಡುಗಂಬಕ್ಕೂ ಮಧ್ಯೆ ಸಿಕ್ಕಿ, ಆತ ನರಳಿದ ರೀತಿಗೆ ನೋರ್ಮಾ "ಬೇಡಿ, ಬೇಡಿ, ಮುರಿದು ಹೋಗ್ತಾನೆ" ಅಂತ ಅವರ ಅಂಗಿ ಹಿಡಿದು ಎಳೆದಳು. ಮತ್ತೆ ಮೇಲಕ್ಕೆ ತಂದರು. ಏಳುನೂರು ವರ್ಷದ ಹಿಂದೆ ಆ ಮೆಟ್ಟಿಲು ಕಟ್ಟಿದವರು ಶತ್ರು ಸುಲಭವಾಗಿ ಹತ್ತಬಾರದು ಅಂತ ಹಾಗೆ ಕಟ್ಟಿದ್ದರು. ಬಂದವರಿಗೆ ಅದನ್ನು ನಾನೇ ಹೆಮ್ಮೆಯಿಂದ ಹೇಳುತ್ತಿದ್ದೆ.

ಹಗ್ಗ ಕಟ್ಟಿ ಹೊರಗಿಂದ ಇಳಿಸಬೇಕು, ಅದಕ್ಕೆ ಅಗ್ನಿಶಾಮಕದವರೇ ಬೇಕು ಅಂದಳು ಮಿರೆಲ್ಲಾ. ಹೆಲಿಕಾಪ್ಟರಿಗೆ ಇನ್ನೂ ಬಿಡುವಾಗಿರಲಿಲ್ಲ. ಅಗ್ನಿಶಾಮಕದವರು ಹೊರಟಿದ್ದರು. ಆದರೆ ಪಂದ್ಯ ನೋಡಲು ಬಂದವರು ನಮ್ಮ ಗುಡ್ಡದ ರಸ್ತೆಯ ಎರಡೂ ಬದಿ ಕಾರು ನಿಲ್ಲಿಸಿ ಹೋಗಿದ್ದರು. ಆಂಬುಲೆನ್ಸ್ ಹೇಗೋ ನುಸುಳಿ ಬಂದಿತ್ತು, ಅವರ ದೊಡ್ಡ ಕೆಂಪು ಲಾರಿ ಒಂದು ತಿರುವಿನಲ್ಲಿ ಸಿಕ್ಕಿ ನಿಂತಿದ್ದು ನಮಗೆ ಮೇಲಿಂದ ಚೆನ್ನಾಗಿ ಕಾಣುತ್ತಿತ್ತು. ಅದರ ಹಾರ್ನ್ ಕೇಳುತ್ತಿತ್ತು. ಅದರ ಕೆಳಗೆ ಹೊಳೆಯ ಪಕ್ಕ ಜನ ಚಪ್ಪಾಳೆ ತಟ್ಟುತ್ತಿದ್ದರು.

"ಹೋಗಿ ಆ ಕಾರುಗಳನ್ನ ಹೊಳೆಗೆ ನೂಕ್ತೀನಿ," ಅಂತ ಲೋರಿಸ್ ಕೊಡೆ ನನಗೆ ಕೊಟ್ಟು ಇಳಿದು ಓಡಿದ. ಯಾರ ಕಾರು ಅಂತ ಹುಡುಕುತ್ತಾನೆ, ಯಾರನ್ನು ಕರೆಯುತ್ತಾನೆ? ಮಿರೆಲ್ಲಾ ಕೈಗಡಿಯಾರ ನೋಡಿಕೊಳ್ಳುತ್ತಿದ್ದಳು. ಮೊದಲು ಹತ್ತು ನಿಮಿಷಕ್ಕೊಮ್ಮೆ, ಆಮೇಲೆ ಎರಡು ನಿಮಿಷಕ್ಕೊಮ್ಮೆ, ಕಡೆಗೆ ನೋಡುವುದನ್ನೇ ಬಿಟ್ಟಳು. ನೋರ್ಮಾ ಗಂಡನ ತುಟಿಗೆ ಒದ್ದೆ ಕರವಸ್ತ್ರ ಒತ್ತುತ್ತ ಬೈಯುತ್ತಲೇ ಇದ್ದಳು: "ಟೊಮೇಟೊ ಬೆಳಿ ಅಂದೆ. ಕೇಳಿದ್ಯಾ ನನ್ನ ಮಾತು?" ಆತನ ಎಡಗಣ್ಣಿಂದ ಮಾತ್ರ ನೀರು ಇಳಿಯುತ್ತಿತ್ತು.

ಅಗ್ನಿಶಾಮಕದವರು ಲಾರಿ ಅಲ್ಲೇ ಬಿಟ್ಟು ಹಗ್ಗ, ಕೊಕ್ಕೆ ಹೆಗಲಿಗೆ ಹಾಕಿಕೊಂಡು ಎರಡು ಕಿಲೋಮೀಟರ್ ನಡೆದು ಬಂದರು. ಆತನನ್ನು ಕಟ್ಟಿದ ಸ್ಟ್ರೆಚರನ್ನು ಗೋಪುರದ ಹೊರಗೋಡೆಗುಂಟ ಇಳಿಬಿಟ್ಟಾಗ ನಾಲ್ಕು ಗಂಟೆ. ಒಬ್ಬ ಗೋಡೆಗೆ ಕಾಲು ಕೊಟ್ಟು ಜೊತೆಗೇ ಇಳಿದ. ನೋರ್ಮಾ ಕಣ್ಣು ಮುಚ್ಚಿಕೊಳ್ಳಲಿಲ್ಲ. ನಾನು ಮುಚ್ಚಿಕೊಂಡೆ. ಆಸ್ಪತ್ರೆ ಮುಟ್ಟಿದಾಗ ಐದೂಕಾಲು. ತಡವಾಯಿತು ಅಂದರಂತೆ.

ಪುರಸಭೆಯಿಂದ ಕಾಗದ ಬಂತು. ಗೋಪುರದ ಬೀಗದ ಕೈ ಕೊಟ್ಟುಬಿಟ್ಟೆ. ಊರವರು ನನಗೆ ಸಮಾಧಾನ ಹೇಳಿದರು. "ಬರೋದು ಬರೋದೇ. ಮನೇಲಿ ಕೂತಿದ್ರೂ ಆಗ್ತಿತ್ತು, ಅತ್ತಿಗೆ," ಅಂದ ಲೋರಿಸ್. ಮನೆಯಲ್ಲಿ ಆಗಿದ್ದರೆ ಅರ್ಧ ಗಂಟೆಯಲ್ಲಿ ಆಸ್ಪತ್ರೆಯಲ್ಲಿರುತ್ತಿದ್ದ ಅಂತ ನಾನೂ ಹೇಳಲಿಲ್ಲ, ಅವನೂ ಹೇಳಲಿಲ್ಲ.

ಅಕ್ಟೋಬರಿನಲ್ಲಿ ಚೆಸ್ಟ್‌ನಟ್ ಕಾಯಿಯ ಹಿಟ್ಟಿನ ರೊಟ್ಟಿ ಮಾಡಿಕೊಂಡು ಪಾರ್ಮಾಕ್ಕೆ ಹೋದೆ. ಮೂರನೇ ಮಹಡಿಯ ಮನೆ. ನೋರ್ಮಾ ಬಾಗಿಲು ತೆಗೆದಳು, ಅರ್ಧಕ್ಕರ್ಧ ಇಳಿದುಹೋಗಿದ್ದಳು. "ಬನ್ನಿ, ಬನ್ನಿ" ಅಂತ ಕಾಫಿಗಿಟ್ಟಳು. ಅರ್ಮಿದೊ ಗಾಲಿಕುರ್ಚಿಯಲ್ಲಿದ್ದ. ಯಾರೋ ನೀಟಾಗಿ ಕ್ಷೌರ ಮಾಡಿದ್ದರು.

"ಮಾತು ಒಂದೇ ಉಳಿದಿದೆ ಅವನಿಗೆ," ಅಂದಳು. "ಹೌದು ಅನ್ನೋದು. ಹಸಿವಾ ಅಂದ್ರೂ ಹೌದು, ಹೊಟ್ಟೆ ತುಂಬ್ತಾ ಅಂದ್ರೂ ಹೌದು. ಸತ್ತು ಹೋಗೋಣ್ವಾ ಇಬ್ರೂ ಅಂತ ಒಂದಿನ ಸಿಟ್ಟಲ್ಲಿ ಕೇಳಿದೆ. ಅದಕ್ಕೂ ಹೌದು."

ಅವಳು ಕಾಫಿ ತರಲು ಒಳಗೆ ಹೋದಾಗ ನಾನು ಆತನ ಮುಂದೆ ಬಗ್ಗಿ ಕೂತೆ. ನಾಲ್ಕು ತಿಂಗಳು ಬಾಯಿಯಲ್ಲಿಟ್ಟುಕೊಂಡಿದ್ದ ಮಾತು. "ನನ್ನಿಂದ ತಪ್ಪಾಯ್ತು. ನಾನು ಆ ಬಾಗಿಲು ತೆಗೀಬಾರದಿತ್ತು, ಅಲ್ವಾ?"

ಆತ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. "ಹೌದು," ಅಂದ. "ಹೌದು ಹೌದು."

ಆ ಮಾತಿಗೆ ಅರ್ಥ ಇತ್ತೋ ಇಲ್ಲವೋ, ಯಾರನ್ನು ಕೇಳಲಿ?

ನೋರ್ಮಾ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಬಟ್ಟಲು ಮೇಜಿನ ಮೇಲಿಟ್ಟಳು, ಚಮಚ ಇಟ್ಟಳು, ಸಕ್ಕರೆ ಇಟ್ಟಳು. "ಅವನ ಮಾತು ಬಿಡಿ," ಅಂದಳು. "ನಾನು ಹೇಳ್ತೀನಿ. ತೆಗೀಬಾರದಿತ್ತು. ನೀವು ಬೇಡ ಅಂದಿದ್ರೆ ಇಡೀ ದಾರಿ ಗೊಣಗ್ತಿದ್ದ, ಅಷ್ಟೇ. ನಾನು ಬೈದು ಸುಮ್ಮನಿರಿಸ್ತಿದ್ದೆ."

ನಾನು ಎದ್ದು ಹೋಗಲು ಚೀಲ ತೆಗೆದುಕೊಂಡೆ.

"ಎಲ್ಲಿಗೆ? ಕಾಫಿ ಕುಡೀರಿ," ಅಂದಳು, ಅದೇ ದನಿಯಲ್ಲಿ. "ಆಮೇಲೆ ಇವನನ್ನ ಹಾಸಿಗೆಗೆ ಹಾಕಬೇಕು. ಮಂಗಳವಾರ ನರ್ಸು ಬರಲ್ಲ. ನನ್ನೊಬ್ಬಳ ಕೈಲಿ ಆಗಲ್ಲ."

ನಾನು ಕಂಕುಳಿಗೆ ಕೈ ಕೊಟ್ಟೆ, ಅವಳು ಕಾಲು ಹಿಡಿದಳು. ಮೊದಲ ಸಲ ಆಗಲಿಲ್ಲ, ಆತ ಕುರ್ಚಿಗೇ ಜಾರಿದ. ಎರಡನೆಯ ಸಲವೂ ಜಾರಿದ. ಮೂವರೂ ಏದುಸಿರು ಬಿಡುತ್ತ ಸ್ವಲ್ಪ ಹೊತ್ತು ಹಾಗೇ ಇದ್ದೆವು. ಮೂರನೆಯ ಸಲಕ್ಕೆ ಹೇಗೋ ಹಾಸಿಗೆ ಮುಟ್ಟಿಸಿದೆವು.

ಈಗ ಮಂಗಳವಾರ ಮಂಗಳವಾರ ಹೋಗಿ ಬರುತ್ತೇನೆ. ನೋರ್ಮಾ ಬೇಡ ಅಂದಿಲ್ಲ, ಬನ್ನಿ ಅಂತಲೂ ಕರೆದಿಲ್ಲ. ಅರ್ಮಿದೊನನ್ನು ಮಾತ್ರ ನಾನು ಮತ್ತೆ ಏನನ್ನೂ ಕೇಳಲಿಲ್ಲ.