ಬೇವಿನ ಮೂಲೆಯ ನೀರು

ಆ ಕಲ್ಲು ಎಬ್ಬಿಸಿದ ದಿನದಿಂದ ಹುಲ್ಲಿನ ಮೇಲೆ ಕಾಲಿಡಲು ನನಗೆ ಧೈರ್ಯ ಬರುವುದಿಲ್ಲ.

ಎಪ್ಪತ್ತೊಂಬತ್ತನೇ ಇಸವಿ. ರಾವೂರಿನ ಆಚೆಗಿನ ಕಾರ್ಖಾನೆಯಲ್ಲಿ ನಾನು, ಗುರುಲಿಂಗಪ್ಪ, ಓವರ್‌ಸಿಯರ್. ಮ್ಯಾನೇಜರ್ ಸಾಹೇಬರು ಎರಡು ಕ್ಯಾಟಲಾಗ್ ನನ್ನ ಮುಂದೆ ಹಾಕಿ, ಬಂಗಲೆಯ ಲಾನಿಗೆ ನೀರು ಚಿಮ್ಮಿಸಲು ಯಾವುದು ಸರಿ, ನೀವೇ ಆರಿಸಿ ಎಂದರು. ನನ್ನ ಎದೆ ಉಬ್ಬಿತು.

ಒಂದರಲ್ಲಿ ಪೈಪು ನೆಲದ ಮೇಲೇ ಇರುತ್ತದೆ, ಬೇಕಾದ ಕಡೆ ಎಳೆದೊಯ್ಯಬೇಕು. ಇನ್ನೊಂದರಲ್ಲಿ ಪೈಪೆಲ್ಲ ನೆಲದೊಳಗೆ. ನಲ್ಲಿ ತಿರುಗಿಸಿದರೆ ಹುಲ್ಲಿನ ನಡುವಿನಿಂದ ಹಿತ್ತಾಳೆ ತಲೆಗಳು ಮೇಲೆದ್ದು ಸುತ್ತಲೂ ನೀರು ಚಿಮ್ಮುತ್ತವೆ. ನಾನು ಎರಡನೆಯದಕ್ಕೇ ಮರುಳಾದೆ. ನಮ್ಮ ನೆಲದಲ್ಲಿ ಎರಡು ಮೂರು ಅಡಿಗೇ ಕಲ್ಲಿನ ಹಾಸು ಹತ್ತುತ್ತದೆ, ಆದರೆ ಪೈಪಿಗೆ ಒಂದು ಅಡಿ ಸಾಕು.

ಲಾನಿಗೆ ನೀರು ಹಾಕುತ್ತಿದ್ದವಳು ಚಂದಮ್ಮ. ಕಾರ್ಖಾನೆ ಬರುವ ಮೊದಲು ಆ ಜಾಗ ಅವರದೇ ಹೊಲ. ಹೊಲ ಹೋದ ಮೇಲೆ, ಬೇರೆ ಯಾವ ಕೆಲಸವೂ ಬೇಡವೆಂದು ಇಲ್ಲಿಗೇ ಕೂಲಿ ಕೇಳಿಕೊಂಡು ಬಂದಿದ್ದಳು. ದಿನಾ ಬೇವಿನ ಗಿಡದ ಮೂಲೆಗೇ ಮೊದಲು ಪೈಪು ಹಿಡಿದು ಬಹಳ ಹೊತ್ತು ನಿಲ್ಲುತ್ತಿದ್ದಳು. ನೀರು ದಂಡ ಮಾಡುತ್ತಾಳೆ ಎಂದು ನಾನು ಎಷ್ಟೋ ಸಲ ಬೈದದ್ದುಂಟು.

ಯಂತ್ರದ ಸುದ್ದಿ ತಿಳಿದು ಅವಳು ನನ್ನ ಹತ್ತಿರ ಬಂದಳು.

"ಸಾಹೇಬ್ರ, ಬೇವಿನ ಮೂಲಿ ಒಂದ್ ಬಿಡ್ರಿ. ಅಲ್ಲಿ ಅಗೀಬ್ಯಾಡ್ರಿ. ಅಲ್ಲಿಗಿ ನಾನೇ ನೀರ್ ಹಾಕ್ತೀನಿ."

"ನಿನ್ನ ಕೆಲಸ ಎಲ್ಲಿಗೂ ಹೋಗಂಗಿಲ್ಲ, ಚಂದಮ್ಮ. ಹೂವಿನ ಗಿಡದ ಕೆಲಸಕ್ಕ ನಿನ್ನ ಹಾಕ್ತೀನಿ."

"ಕೆಲಸಕ್ಕಲ್ರಿ," ಎಂದಷ್ಟೇ ಹೇಳಿ ಹೋದಳು. ಹೆಂಗಸಿನ ಹಟ ಎಂದುಕೊಂಡು ನಾನು ನಕ್ಷೆಯಲ್ಲಿ ಒಂದು ಗೆರೆಯನ್ನೂ ಬದಲಿಸಲಿಲ್ಲ.

ಮೂರನೆಯ ದಿನ, ಶಹಾಬಾದದ ಕಲ್ಲುಗಣಿಯಲ್ಲಿ ಪಳಗಿದ ಮಜೀದಸಾಬ ಆ ಮೂಲೆಯಲ್ಲಿ ಅಗೆಯಲು ನಿಂತ. ಒಂದು ಅಡಿಗೇ ಹಾರೆ ಠಣ್ಣೆಂದಿತು.

"ಇಲ್ಲಿ ಹಾಸು ಮ್ಯಾಲೇ ಅದರಿ. ಭಾಳ ಚಂದ ಕಲ್ಲು. ಒಡೀದೇ ಇಡೀ ಎಬ್ಬಿಸ್ತೀನಿ," ಅಂದ.

"ಎಬ್ಬಿಸು. ಬಂಗಲೆ ಮೆಟ್ಟಿಲಿಗಿ ಆಗ್ತದ," ಅಂದೆ.

ಬೇರೆ ಸೀಮೆಯವರಾಗಿದ್ದರೆ ನೆಲದಡಿ ಚಪ್ಪಡಿ ಕಂಡೊಡನೆ ಅನುಮಾನಪಡುತ್ತಿದ್ದರು. ನಮಗೆ ನೆಲದಡಿ ಚಪ್ಪಡಿ ಇಲ್ಲದಿದ್ದರೇ ಅನುಮಾನ.

ನಾಲ್ಕು ಜನ ಹಾರೆ ಕೊಟ್ಟು ಕಲ್ಲು ಎತ್ತಿದರು. ಕೆಳಗೆ ಸಡಿಲ ಮಣ್ಣು, ಅದರಲ್ಲಿ ವಿಭೂತಿ ಗಟ್ಟಿಗಳು, ಎರಡು ಹಸಿರು ಬಳೆ. ನನ್ನ ಮೂರು ಬೆರಳು ತೂರುವಷ್ಟು ಚಿಕ್ಕ ಬಳೆ.

ಅದು ನೆಲದ ಹಾಸಲ್ಲ, ಸಮಾಧಿಗೆ ಮುಚ್ಚಿದ ಚಪ್ಪಡಿ. ನಾನೂ ಲಿಂಗ ಕಟ್ಟಿದವನೇ. ನಮ್ಮವರು ಸತ್ತವರನ್ನು ಸ್ವಂತ ಹೊಲದಲ್ಲಿ ಮಣ್ಣು ಮಾಡುವುದು ನನಗೆ ಗೊತ್ತಿಲ್ಲದ್ದೇ? ನನ್ನಪ್ಪನೂ ನಮ್ಮ ಹೊಲದಲ್ಲೇ ಇದ್ದಾನೆ. ಆದರೂ ಇಲ್ಲಿ ಯಾರಿರಬಹುದು ಎಂದು ಒಂದು ಸಲವೂ ಕೇಳಿರಲಿಲ್ಲ.

ಮಜೀದಸಾಬ ಹಾರೆ ಕೆಳಗಿಟ್ಟು ತಲೆಗೆ ವಸ್ತ್ರ ಹಾಕಿಕೊಂಡ. ಚಂದಮ್ಮ ಓಡಿ ಬರಲಿಲ್ಲ, ಅಳಲಿಲ್ಲ. ನಡೆದು ಬಂದು ಗುಂಡಿಯ ಅಂಚಿಗೆ ಕುಳಿತು ಬಳೆಗಳ ಮಣ್ಣು ಒರೆಸಿದಳು.

"ನನ್ನ ಮಗಳ್ರಿ. ಆರು ವರ್ಷದಾಕಿ. ಹೊಲ ಕೊಡುವಾಗ ಹೇಳಿದ್ರ ತೆಗೆಸ್ತಾರಂತ ಯಾರಿಗೂ ಹೇಳಲಿಲ್ಲ."

"ನನಗರೆ ಹೇಳಬಾರದಾಗಿತ್ತೇನವ್ವಾ?" ನಾನು ಅವಳನ್ನು ಅವ್ವಾ ಎಂದದ್ದು ಅದೇ ಮೊದಲು.

"ವಾಂತಿಭೇದಿ ಆಗಿತ್ರಿ. ನೀರ್ ಕೊಟ್ರ ಹೆಚ್ಚಾಗ್ತದ ಅಂದ್ರು ದೊಡ್ಡವರು. ಎರಡು ದಿನ ಅವ್ವಾ ನೀರು, ಅವ್ವಾ ನೀರು ಅಂತ ಕೇಳಿದಳು. ಒಂದು ಗುಟುಕೂ ಕೊಡಲಿಲ್ರಿ ನಾ. ಈಗ ದಿನಾ ಕೊಡ್ತೀನಿ."

ಈ ನೀರಿಗೇ ನಾನು ಅವಳನ್ನು ಬೈದಿದ್ದೆ. ಚಂದಮ್ಮ ಬಳೆಗಳನ್ನು ಮತ್ತೆ ಒಳಗಿಟ್ಟಳು. ಕಲ್ಲನ್ನು ಮೊದಲಿದ್ದಂತೆ ಕೂಡಿಸಿ, ಮಣ್ಣು ಮುಚ್ಚಿ, ಹುಲ್ಲು ಹೊದಿಸಿದೆವು. ಪೈಪಿನ ಸಾಲನ್ನು ಹತ್ತು ಅಡಿ ಈಚೆಗೇ ನಿಲ್ಲಿಸಿದೆ.

ಯಂತ್ರ ಶುರುವಾದ ದಿನ ಸಾಹೇಬರು ಬೇವಿನ ಕಡೆ ಬೆರಳು ತೋರಿಸಿ, ಆ ಮೂಲೆಗೆ ನೀರು ಬೀಳುತ್ತಿಲ್ಲವಲ್ಲ ಎಂದರು.

"ಅಲ್ಲಿ ಕೆಳಗ ಕಲ್ಲಿನ ಹಾಸು ಅದರಿ," ಎಂದೆ. "ಅಗೀಲಿಕ್ಕಿ ಬರಂಗಿಲ್ರಿ."

ನಮ್ಮ ಕಡೆ ಆ ಮಾತನ್ನು ಯಾರೂ ಎರಡನೇ ಸಲ ಕೇಳುವುದಿಲ್ಲ. ಚಂದಮ್ಮ ಪೈಪು ಹಿಡಿದು ಆ ಮೂಲೆಗೆ ನಡೆದಳು. ನಾನು ಹೋಗಿ ಅವಳ ಪೈಪಿನ ನಲ್ಲಿಯನ್ನು ಇನ್ನೊಂದು ಸುತ್ತು ಬಿಚ್ಚಿದೆ.