ಬೋರಲು ಹಾಕಿದ ಕಲ್ಲು

ಕಲ್ಲು ಸಿಕ್ಕಿದ್ದು ನಮ್ಮ ಸೌನಾದ, ಅಂದರೆ ಉಗಿಸ್ನಾನದ ಮನೆಯ, ಬಾಗಿಲಲ್ಲಿ. ಇದನ್ನು ಬಾಯಿಬಿಟ್ಟು ಹೇಳುವಾಗ ಇವತ್ತಿಗೂ ನನ್ನ ಕಿವಿ ಬಿಸಿಯಾಗುತ್ತದೆ. ಊರೆಲ್ಲ ಹುಡುಕಿಸಿದವಳು ನಾನು. ಕೆರೆಯ ತಳಕ್ಕೆ ಹುಡುಗರನ್ನು ಇಳಿಸಿದೆ, ಸೈನಿಕರು ಬಿಟ್ಟುಹೋದ ಗುಂಡಿಗಳನ್ನೆಲ್ಲ ಅಗೆಸಿದೆ, ಕಂಡಕಂಡವರ ಮೇಲೆ ಅನುಮಾನಪಟ್ಟೆ. ಶಾಲೆಯ ಸಭೆಯಲ್ಲಿ ಎದ್ದು ನಿಂತು, "ಆ ಕಲ್ಲಿನ ಮೇಲೆ ಕೈ ಮಾಡಿದವನು ಯಾವನೇ ಆಗಿರಲಿ, ಅವನ ಕೈ ಸೇದಿಹೋಗಲಿ" ಎಂದು ಶಾಪ ಹಾಕಿದವಳೂ ನಾನೇ. ಇತಿಹಾಸದ ಟೀಚರ್ ಹೀಗೆಲ್ಲ ಮಾತಾಡಬಾರದು ಎಂದು ಆಮೇಲೆ ಕೆಲವರು ಹೇಳಿದರು. ಹೇಳಲಿ ಬಿಡಿ, ಅವರಿಗೇನು ಗೊತ್ತು.

ಅಲ್ಲಿಕ್‌ಮ್ಯಾ ಊರಿನ ನಮ್ಮ ಹೈಸ್ಕೂಲು 1909ರದು. ಜಾರ್ ದೊರೆಯ ಕಾಲದಲ್ಲಿ ಊರಿನವರು ಬೆಣ್ಣೆ ಮಾರಿ, ಅಗಸೆ ನಾರು ಮಾರಿ ಕಟ್ಟಿಸಿದ್ದು. ಬೀಜಗಣಿತವನ್ನೂ ನಮ್ಮ ಮಾತಿನಲ್ಲೇ ಕಲಿಸಬೇಕೆಂಬುದು ಅವರ ಹಟ. ಆಮೇಲೆ ಜರ್ಮನ್ನರು ಬಂದು ಆಸ್ಪತ್ರೆ ಮಾಡಿಕೊಂಡರು, ರಷ್ಯನ್ನರು ಬಂದು ಹೆಸರು ತೆಗೆದು ನಂಬರು ಕೊಟ್ಟರು. ಒಬ್ಬೊಬ್ಬರೂ ಹೊಸ ಹೆಸರಿನ ಹಲಗೆ ಹೊಡೆದೂ ಹೊಡೆದೂ ಬಾಗಿಲ ಚೌಕಟ್ಟು ಜರಡಿಯಾಗಿದೆ. ಅದೇ ಚೌಕಟ್ಟಿನೊಳಗೆ ಅಪ್ಪ ಓದಿದ, ನಾನು ಓದಿದೆ, ಮೂವತ್ತು ವರ್ಷ ಪಾಠವನ್ನೂ ಮಾಡಿದೆ.

1919ರ ಚಳಿಗಾಲದಲ್ಲಿ, ರಷ್ಯನ್ನರ ವಿರುದ್ಧ ನಮ್ಮ ಸ್ವಾತಂತ್ರ್ಯದ ಯುದ್ಧ ನಡೆದಿದ್ದಾಗ, ಲ್ಯಾಟಿನ್ ಪಾಠದ ನಡುವೆ ದೊಡ್ಡ ತರಗತಿಯ ಹುಡುಗರು ಎದ್ದು ಹೊರಟರಂತೆ. ಅವರಲ್ಲಿ ಒಂಬತ್ತು ಜನ ತಿರುಗಿ ಬರಲಿಲ್ಲ. ಹೆಣಗಳೂ ಬರಲಿಲ್ಲ. ಒಂಬತ್ತು ಹೆಸರನ್ನೂ ಸುಣ್ಣಕಲ್ಲಿನ ದೊಡ್ಡ ಚಪ್ಪಡಿಯಲ್ಲಿ ಕೆತ್ತಿ ಅಂಗಳದಲ್ಲಿ ನಿಲ್ಲಿಸಿದರು. ತಾಯಂದಿರಿಗೆ ಅದೇ ಗೋರಿ. ದೊಡ್ಡ ಯುದ್ಧ ಮುಗಿದ ವರ್ಷ ರಷ್ಯನ್ನರು ಅದನ್ನು ಕೀಳಿಸಿದರು. ಎಲ್ಲಿಗೆ ಸಾಗಿಸಿದರೋ ಯಾರಿಗೂ ತಿಳಿಯಲಿಲ್ಲ.

ಆ ಒಂಬತ್ತರಲ್ಲಿ ಒಬ್ಬ ಮಿಹ್ಕೆಲ್, ನನ್ನ ಅಪ್ಪ ಹಿಂದ್ರೆಕ್‌ನ ಅಣ್ಣ. ಇನ್ನೊಬ್ಬ ಯೂಲಿಯುಸ್, ಪಕ್ಕದ ಮನೆಯ ಮೇತಾ ಅತ್ತೆಯ ಅಣ್ಣ. ಅತ್ತೆಗೆ ಈಗ ಹಿಂದೆ ಮುಂದೆ ಯಾರೂ ಇಲ್ಲ. ಅವಳ ಮನೆಯಲ್ಲಿ ಸೌನಾ ಕೂಡ ಇಲ್ಲ. ಶನಿವಾರ ಬಂತೆಂದರೆ ಟವೆಲ್ಲು, ಮೈಗೆ ಬಡಿದುಕೊಳ್ಳುವ ಬರ್ಚ್ ಸೊಪ್ಪಿನ ಕಟ್ಟು ಹಿಡಿದು ನಮ್ಮಲ್ಲಿಗೆ ಬರುವಳು, ಉಗಿಯಲ್ಲಿ ಮೈ ಕಾಯಿಸಿಕೊಂಡು, ನಮ್ಮ ಜೊತೆ ಚಹಾ ಕುಡಿದು ಹೋಗುವಳು. ನನಗೆ ಬುದ್ಧಿ ಬಂದಾಗಿನಿಂದ ಇದು ತಪ್ಪಿದ್ದಿಲ್ಲ.

ಈ ವರ್ಷ ಕಾಲ ತಿರುಗಿತು. ರಾಜಧಾನಿ ತಾಲಿನ್‌ನ ಕೋಟೆಯ ಗೋಪುರದ ಮೇಲೆ ನಮ್ಮ ಬಾವುಟ ಹಾರಿತು. ಶಾಲೆಯ ಎಂಬತ್ತನೇ ವರ್ಷದ ಹಬ್ಬಕ್ಕೆ ಕಲ್ಲನ್ನು ಮತ್ತೆ ನಿಲ್ಲಿಸೋಣವೆಂದು ತೀರ್ಮಾನವಾಯಿತು. ಪೀಠ ಸಿದ್ಧವಾಯಿತು, ಕಲ್ಲೇ ಇಲ್ಲ. ಹೊಸದು ಕೆತ್ತಿಸೋಣ ಎಂದು ಪ್ರಿನ್ಸಿಪಾಲ್ ಉರ್ಮಾಸ್ ಹೇಳಿದಾಗ ಮೇತಾ ಅತ್ತೆ ಅವನ ಮೇಲೆ ಹರಿಹಾಯ್ದಳು.

"ನಮ್ಮಮ್ಮ ಸವರಿ ಸವರಿ ಅತ್ತಿದ್ದು ಹಳೇ ಅಕ್ಷರಾನ ಕಣೋ. ಹೊಸದು ಇಟ್ಕೊಂಡು ನಾನೇನ್ ಮಾಡ್ಲಿ?"

ನಾನು ಅವಳ ಕೈ ಹಿಡಿದುಕೊಂಡು ಮಾತು ಕೊಟ್ಟೆ. "ಅತ್ತೆ, ಹಬ್ಬದ ದಿನ ಯೂಲಿಯುಸ್ ಹೆಸರು ಅಂಗಳದಲ್ಲಿ ಇರತ್ತೆ. ಹಳೇ ಹೆಸರೇ."

"ನಿನ್ನ ಬಾಯಿಗೆ ಸಕ್ಕರೆ ಹಾಕ. ಬೇಗ ಹುಡುಕೇ ಮೈಮು, ಎಂಬತ್ತು ದಾಟ್ತು ನಂಗೆ. ಒಂದ್ಸಲ ಮುಟ್ಟಿ ಸತ್ರೆ ಸಾಕು."

ಹಬ್ಬಕ್ಕೆ ಇನ್ನು ಎರಡು ವಾರವಿತ್ತು. ನಮ್ಮ ಸೌನಾದ ತಳದ ತೊಲೆಗಳು ಕೊಳೆತು ಹೋಗಿದ್ದವು, ಕಿತ್ತು ಹೊಸದಾಗಿ ಕೂರಿಸಬೇಕಿತ್ತು. ಊರಿನವರೆಲ್ಲ ಆಲೂಗಡ್ಡೆ ನೆಡುವುದರಲ್ಲಿದ್ದರು. ಉರ್ಮಾಸ್ ಒಬ್ಬನೇ ಸಹಾಯಕ್ಕೆ ಬಂದ. ಅವನು ನನ್ನ ಹಳೆಯ ಶಿಷ್ಯ, ಒಳ್ಳೆಯ ಹುಡುಗ, ಸ್ವಲ್ಪ ಆತುರಗಾರ. ಅಪ್ಪ ಲೈಲಾಕ್ ಗಿಡದ ಕೆಳಗೆ ಬೆಂಚಿನ ಮೇಲೆ ಪೈಪು ಕಚ್ಚಿಕೊಂಡು ಕೂತಿದ್ದ. ಬೆಳಗಿನಿಂದ ಅವನು "ಸೌನಾ ಹಾಗೇ ಇರಲಿ ಬಿಡಿ" ಎಂದು ಗೊಣಗುತ್ತಲೇ ಇದ್ದ. ಮುದುಕರ ಹಟ ಎಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

"ಟೀಚರ್, ಬಾಗಿಲ ಈ ಮೆಟ್ಟಿಲುಗಲ್ಲು ಜಗ್ತಾ ಇಲ್ಲ."

"ಜಗ್ಗಲ್ಲ ಅಂದ್ರೆ? ಪ್ರಿನ್ಸಿಪಾಲ್ ಆದ್ಮೇಲೆ ಬರೀ ಸಹಿ ಹಾಕಿ ನಿನ್ನ ತೋಳು ಸತ್ತೋಗಿದೆ. ಹಾರೆ ಇನ್ನೂ ಒಳಗೆ ತೂರ್ಸೋ."

ಇಬ್ಬರೂ ಸೇರಿ ಮೀಟಿದೆವು. ಕಲ್ಲು ಎದ್ದು, ಮಗುಚಿ ಹುಲ್ಲಿನ ಮೇಲೆ ಬಿತ್ತು. ಅದರ ಅಡಿಗೆ ಮೆತ್ತಿದ್ದ ಮಣ್ಣಿನಲ್ಲಿ ಬೇರುಗಳು ಹೆಣೆದುಕೊಂಡಿದ್ದವು. ಬೇರು ಕಿತ್ತರೆ ಕೆಳಗೆ ಗೀರು. ಗೀರಲ್ಲ, ಅಕ್ಷರ. ಹೆಬ್ಬೆರಳಿನಿಂದ ಕೆರೆದೆ. ಉಗುರು ಹರಿದದ್ದೂ ತಿಳಿಯಲಿಲ್ಲ.

ಮಿಹ್ಕೆಲ್.

ಅಯ್ಯೋ ದೇವರೇ, ಚಿಕ್ಕಂದಿನಿಂದ ಬರಿಗಾಲಲ್ಲಿ ಈ ಕಲ್ಲಿನ ಮೇಲೆ ನಿಂತು ಮೈ ಒರೆಸಿಕೊಂಡಿದ್ದೇನೆ! ಹುಲ್ಲಿನ ಮೇಲೆ ದೊಪ್ಪನೆ ಕೂತುಬಿಟ್ಟೆ. ಉರ್ಮಾಸ್ ಮಾತ್ರ ಕುಣಿಯತೊಡಗಿದ.

"ತಾತ ಬಚ್ಚಿಟ್ಟಿದ್ದಾರೆ! ಟೀಚರ್, ರಷ್ಯನ್ನರ ಕಣ್ಣೆದುರೇ ಬಚ್ಚಿಟ್ಟಿದ್ದಾರೆ! ತಾತಾ, ನೀವು ಹುಲಿ ಕಣ್ರೀ! ಪೇಪರ್‌ನವರನ್ನ ಕರೆಸ್ಬೇಕು!" ಎಂದವನೇ ಬೇಲಿಗೆ ಓಡಿದ. "ಮೇತಾ ಅತ್ತೇ! ಬನ್ನಿ ಬನ್ನಿ, ಕಲ್ಲು ಸಿಕ್ತು!"

ಅವನನ್ನು ತಡೆಯಬೇಕಿತ್ತು. ಯಾಕೆಂದರೆ ಅಷ್ಟರಲ್ಲಿ ನಾನು ಕಲ್ಲನ್ನು ಇನ್ನೊಮ್ಮೆ ನೋಡಿದ್ದೆ. ಅದು ಕಲ್ಲಲ್ಲ, ಕಲ್ಲಿನ ಒಂದು ಹೋಳು. ಮೇಲೆ, ಕೆಳಗೆ ಒಡೆದ ಅಂಚು. ಅದರಲ್ಲಿ ಇದ್ದದ್ದು ಒಂದೇ ಹೆಸರು. ನಾನು ಅಪ್ಪನ ಕಡೆ ತಿರುಗಿದೆ. ಅಪ್ಪ ಪೈಪನ್ನು ಬಾಯಿಂದ ತೆಗೆದು ಮಡಿಲಲ್ಲಿಟ್ಟುಕೊಂಡಿದ್ದ.

ಮೇತಾ ಅತ್ತೆ ಮಣ್ಣುಗೈಯಲ್ಲೇ ಓಡಿಬಂದಳು. ಆ ವಯಸ್ಸಿನಲ್ಲಿ ಯಾರೂ ಹಾಗೆ ಓಡಬಾರದು. ಬಂದವಳು ಮಂಡಿಯೂರಿ ಕೂತು, ಕೈಯನ್ನು ಏಪ್ರನ್‌ಗೆ ಒರೆಸಿಕೊಂಡು, ಅಕ್ಷರಗಳ ಮೇಲೆ ಬೆರಳು ಆಡಿಸಿದಳು.

"ಇದು ಮಿಹ್ಕೆಲ್. ಸರಿ. ಇವನ ಕೆಳಗೇ ನಮ್ಮವನಿದ್ದ. ಎಲ್ಲಿ? ಮಿಕ್ಕಿದ್ದು ಒಳಗಿದ್ಯಾ?"

"ಇರ್ಲೇಬೇಕು ಅತ್ತೆ, ನೆಲದ ಕೆಳಗಿರತ್ತೆ" ಎನ್ನುತ್ತ ಉರ್ಮಾಸ್ ಸನಿಕೆ ಎತ್ತಿಕೊಂಡ.

"ಅಗೀಬೇಡ ಉರ್ಮಾಸ್" ಎಂದ ಅಪ್ಪ. "ಅಲ್ಲೇನೂ ಇಲ್ಲ."

ರಷ್ಯನ್ನರು ಕಲ್ಲು ಕೀಳಿಸಿದ ಕಾಲಕ್ಕೆ ಅಪ್ಪ ಶಾಲೆಯ ಕುದುರೆಗಾಡಿ ಹೊಡೆಯುತ್ತಿದ್ದ. ಸೌದೆ ತರುವುದು, ಹಿಮ ತಳ್ಳುವುದು ಅವನ ಕೆಲಸ. ಅಷ್ಟು ಮಾತ್ರ ನನಗೆ ಗೊತ್ತಿತ್ತು. ಉಳಿದದ್ದನ್ನು ಅವನು ಬೆಂಚಿನ ಮೇಲೆ ಕೂತೇ ಹೇಳಿದ, ಅತ್ತೆಯ ಮುಖ ನೋಡಲಿಲ್ಲ.

"ಕಿತ್ತಿದ್ದು ಅವರು. ಒಡೆದಿದ್ದು ನಾನು. ಜಲ್ಲಿ ಮಾಡಿ ಗೇಟಿನ ಮುಂದೆ ಕೆಸರಿಗೆ ಹಾಕು ಅಂದ್ರು. ಕೋವಿ ಹಿಡಿದವನೊಬ್ಬ ಪಕ್ಕದಲ್ಲೇ ನಿಂತಿದ್ದ. ಗಾಳಿ ಜೋರಿತ್ತು, ಸಿಗರೇಟು ಹಚ್ಚೋಕೆ ಗೋಡೆ ಮರೆಗೆ ಹೋದ. ಆಗ ಕೈಗೆ ಸಿಕ್ಕಿದ ಹೋಳನ್ನ ಗಾಡೀಲಿ ಹುಲ್ಲಿನ ಕೆಳಗೆ ತಳ್ಳಿದೆ."

ಉರ್ಮಾಸ್ ನಿಟ್ಟುಸಿರುಬಿಟ್ಟ. "ನೋಡಿ ಅತ್ತೆ! ಕೈಗೆ ಸಿಕ್ಕಿದ್ದು ಅದೊಂದೇ. ಅವರಾದ್ರೂ ಏನ್ ಮಾಡ್ತಾರೆ?"

ಅಲ್ಲಿಗೆ ಮುಗಿಯಬಹುದಿತ್ತು. ಅಪ್ಪ ಒಂದೇ ಒಂದು ಸಲ ತಲೆಯಾಡಿಸಿದ್ದರೆ ಮುಗಿಯುತ್ತಿತ್ತು, ನಾನು ದೇವರಾಣೆಗೂ ಅದನ್ನೇ ಬಯಸುತ್ತಿದ್ದೆ. ಅವನು ತಲೆಯಾಡಿಸಲಿಲ್ಲ.

"ಕೈಗೆ ಸಿಕ್ಕಿದ್ದಲ್ಲ" ಎಂದ. "ಸುಳ್ಳು ಹೇಳ್ದೆ. ಎರಡು ಹೋಳಿದ್ವು ಎದುರಿಗೆ. ಒಂದ್ರಲ್ಲಿ ನಮ್ಮಣ್ಣ, ಇನ್ನೊಂದ್ರಲ್ಲಿ ನಿಮ್ಮಣ್ಣ. ಎರಡನ್ನೂ ಓದ್ದೆ. ಒಂದಕ್ಕೇ ಟೈಮಿತ್ತು ಮೇತಾ."

ಮೇತಾ ಅತ್ತೆಯ ಕೈ ಕಲ್ಲಿನ ಮೇಲೇ ಇತ್ತು. "ಆಮೇಲೆ?"

"ಅವನು ತಿರುಗಿ ಬಂದ. ಯೂಲಿಯುಸ್ ಮೇಲೆ ಸುತ್ತಿಗೆ ಹಾಕ್ದೆ."

ಅಪ್ಪನ ಕೈ ನೋಡಿದೆ. ಗಂಟುಗಂಟಾದ ಅದೇ ಕೈ. ಸಭೆಯಲ್ಲಿ ಎದ್ದು ನಿಂತು ನಾನು ಶಾಪ ಹಾಕಿದ್ದು ಈ ಕೈಗೇ.

"ಬೋರಲು ಯಾಕೆ ಹಾಕ್ದೆ?" ಎಂದಳು ಅತ್ತೆ.

"ಯಾರಿಗೂ ಕಾಣಬಾರ್ದು ಅಂತ."

"ರಷ್ಯನ್ನರಿಗಾ?"

"ಮೊದಮೊದಲು ಅವರಿಗೆ. ಆಮೇಲೆ ನಿಂಗೆ."

ಅತ್ತೆ ಕಿರುಚುತ್ತಾಳೆ, ಅಪ್ಪನ ಕೆನ್ನೆಗೆ ಬಾರಿಸುತ್ತಾಳೆ ಎಂದುಕೊಂಡೆ. ಬಾರಿಸಿದ್ದರೆ ಚೆನ್ನಾಗಿತ್ತು. ಅವಳು ಲೆಕ್ಕ ಹಾಕುವವಳಂತೆ ಮೆಲ್ಲಗೆ ಮಾತಾಡಿದಳು.

"ಶನಿವಾರ ಶನಿವಾರ ಬಂದು ನಿಮ್ಮಣ್ಣನ ಬೆನ್ನ ಮೇಲೆ ನಿಂತು ಕಾಲೊರೆಸಿಕೊಂಡೆ. ಸರಿ, ಅದು ನಂಗೆ ಗೊತ್ತಿರ್ಲಿಲ್ಲ. ನಿಂಗೆ ಗೊತ್ತಿತ್ತಲ್ಲೋ ಹಿಂದ್ರೆಕ್, ನಮ್ಮಮ್ಮ ಆ ಗೇಟಿನ ಮುಂದೇನೇ ದಿನಾ ಹಾಲಿಗೆ ಹೋಗ್ತಿದ್ಲು. ಮಗನ ಮೇಲೆ ನಡ್ಕೊಂಡು ಹೋಗ್ತಿದ್ಲು. ನೀನು ಗಾಡಿ ಮೇಲೆ ಕೂತು ಅವಳಿಗೆ ಟೋಪಿ ಎತ್ತಿ ನಮಸ್ಕಾರ ಹೇಳ್ತಿದ್ದೆ."



ಅತ್ತೆ ಎದ್ದು ನಿಂತಳು. "ಮೈಮು, ನಂಗೆ ಮಾತು ಕೊಟ್ಟಿದ್ದೆ. ಯೂಲಿಯುಸ್ ಅಂತೂ ಬರಲ್ಲ. ಅದರ ಬದಲು ಒಂದು ಕೆಲಸ ಮಾಡು. ಈ ಕಲ್ಲನ್ನ ಪೀಠದ ಮೇಲೆ ನಿಲ್ಲಿಸ್ಬೇಡ. ಗೇಟಿನ ಮುಂದೆ ಮಲಗ್ಸು, ಮುಖ ಮೇಲೆ ಮಾಡಿ. ನನ್ನವನನ್ನ ತುಳಿದ ಹಾಗೆ ನಿಮ್ಮವನನ್ನೂ ತುಳೀಲಿ ಎಲ್ರೂ."

ನನಗೆ ರೇಗಿಹೋಯಿತು. "ಏನು ಮಾತು ಅಂತ ಆಡ್ತೀರಿ ಅತ್ತೆ! ಹದಿನೇಳರ ಹುಡುಗ ಅವನು. ಅವನೇನು ಮಾಡಿದ್ದ?"

"ನನ್ನವನಿಗೆ ಹದಿನೆಂಟು. ಅವನೇನು ಮಾಡಿದ್ದ?"

ಉತ್ತರ ಕೊಟ್ಟವನು ಅಪ್ಪ. "ಹಾಕೋಣ" ಎಂದ. "ನಾನೇ ಹಾಕ್ತೀನಿ."

ಹಾಕಿಯೂ ಹಾಕಿದ. ಉರ್ಮಾಸ್ ತಲೆ ಚಚ್ಚಿಕೊಂಡ. ಎಲ್ಲೆಲ್ಲಿಂದಲೋ ಹಳೆಯ ವಿದ್ಯಾರ್ಥಿಗಳು ಬರುತ್ತಾರೆ, ಇದೇನು ಅವಮಾನ ಎಂದ. ಅಪ್ಪ ಕೇಳಲಿಲ್ಲ. ಕಲ್ಲನ್ನು ಕೈಗಾಡಿಗೆ ಹೇರಿಸಿಕೊಂಡು ಕುಂಟುತ್ತ ಹೋಗಿ, ಗೇಟಿನ ಮುಂದಿನ ಜಲ್ಲಿಯ ನಡುವೆ ಗುಂಡಿ ತೋಡಿ, ಮರಳು ಹಾಸಿ, ಅಣ್ಣನನ್ನು ಅಂಗಾತ ಮಲಗಿಸಿ ಬಂದ. ಆ ಎರಡು ವಾರ ನಾನು ಅವನೊಂದಿಗೆ ಮಾತಾಡಲಿಲ್ಲ. ಊಟ ಇಟ್ಟು ಎದ್ದು ಹೋಗುತ್ತಿದ್ದೆ. ಸಿಟ್ಟು ಅವನು ಮಿಹ್ಕೆಲ್‌ನನ್ನು ಎತ್ತಿಕೊಂಡದ್ದಕ್ಕಲ್ಲ. ಆ ಜಾಗದಲ್ಲಿ ನಾನಿದ್ದರೂ ನಮ್ಮವನನ್ನೇ ಎತ್ತಿಕೊಳ್ಳುತ್ತಿದ್ದೆ, ಅದು ನನಗೆ ಚೆನ್ನಾಗಿ ಗೊತ್ತಿತ್ತು. ಆ ತಿಳಿವಳಿಕೆಯೇ ನನ್ನ ನಿದ್ದೆ ಕೆಡಿಸಿತು. ಮೇತಾ ಅತ್ತೆ ನಮ್ಮ ಕಡೆ ತಲೆ ಹಾಕಲಿಲ್ಲ.

ಹಬ್ಬದ ಬೆಳಿಗ್ಗೆ ಚರ್ಚಿನ ಮುಂದಿನಿಂದ ಮೆರವಣಿಗೆ ಹೊರಟಿತು. ಮುಂದೆ ತುತ್ತೂರಿಯ ಮೇಳ, ಹಿಂದೆ ಶಾಲೆಯ ಬಾವುಟ ಹಿಡಿದ ಉರ್ಮಾಸ್, ಅವನ ಹಿಂದೆ ವರ್ಷದ ಪ್ರಕಾರ ಹಳೆಯ ವಿದ್ಯಾರ್ಥಿಗಳು. ಇಷ್ಟು ವರ್ಷ ಪೆಟ್ಟಿಗೆಯ ತಳದಲ್ಲಿ ಅಡಗಿಸಿಟ್ಟಿದ್ದ ಶಾಲೆಯ ಬಣ್ಣದ ಟೋಪಿಗಳು ಬೋಳುತಲೆಗಳ ಮೇಲೆ ಕೂತಿದ್ದವು. ಸುದ್ದಿ ಎಲ್ಲರಿಗೂ ಗೊತ್ತಾಗಿತ್ತು. ಗೇಟು ಹತ್ತಿರವಾದಂತೆ ನಗುವೂ ಮಾತೂ ನಿಂತುಹೋದವು.

ಗೇಟಿನ ಪಕ್ಕ ಮೇತಾ ಅತ್ತೆ ಕಪ್ಪು ಕೋಟು ತೊಟ್ಟು ನಿಂತಿದ್ದಳು. ತುಳಿಯುವುದನ್ನು ಕಣ್ಣಾರೆ ನೋಡಲೆಂದೇ ಬಂದಿದ್ದಳು. ಈಚೆ ಬದಿಯಲ್ಲಿ ಅಪ್ಪ ಕೋಲೂರಿ ನಿಂತಿದ್ದ. ಮೇಳದವರು ಕಲ್ಲಿನ ಹತ್ತಿರ ಬಂದು ನುಡಿಸುವುದನ್ನು ಬಿಟ್ಟು ಸರಿದರು. ಉರ್ಮಾಸ್ ಮುಂದೆ ಬಂದ. ನನ್ನ ಮುಖ ನೋಡಿದ. ನಾನು ಏನು ಹೇಳಲಿ? ಕಣ್ಣು ಮುಚ್ಚಿ, ಪಾಪ, ಕಾಲೆತ್ತಿದ.

"ಏಯ್!"

ಅತ್ತೆ ನುಗ್ಗಿ ಅವನ ಕೋಟಿನ ಕಾಲರು ಹಿಡಿದು ಹಿಂದಕ್ಕೆಳೆದಳು. ಬಾವುಟ ವಾಲಿತು. "ಕಣ್ಣು ಕಾಣ್ಸಲ್ವೇನೋ ನಿಂಗೆ? ಹುಡುಗ ಮಲಗಿದಾನೆ ಅಲ್ಲಿ!"

"ಅತ್ತೆ, ನೀವೇ ಅಲ್ವಾ ತುಳೀಲಿ ಅಂತ..."

"ಬಾಯ್ಮುಚ್ಚು! ಸುತ್ತಿ ಹೋಗಿ, ಎಲ್ರೂ ಸುತ್ತಿ ಹೋಗಿ!" ಎಂದು ಕೈ ಬೀಸಿದಳು.

ಯಾರೂ ಅಲ್ಲಾಡಲಿಲ್ಲ. ಸುತ್ತಿ ಹೋಗಲು ಜಾಗವೆಲ್ಲಿತ್ತು? ಕಲ್ಲಿನ ಆಚೆಯೂ ಈಚೆಯೂ ಜಲ್ಲಿ. ಜಲ್ಲಿಯೆಂದರೆ ಉಳಿದ ಎಂಟು ಹುಡುಗರು. ಅತ್ತೆ ಬೀಸಿದ ಕೈ ಹಾಗೇ ನಿಂತಿತು. ಅವಳು ತನ್ನ ಕಾಲಕೆಳಗೆ ನೋಡಿಕೊಂಡಳು. ಒಂದು ಹೆಜ್ಜೆ ಹಿಂದಿಟ್ಟಳು, ಅಲ್ಲೂ ಜಲ್ಲಿಯೇ. ಅವಳ ಮುಖ ಕಂಡು ನನಗೆ ಅಳು ಒತ್ತರಿಸಿಕೊಂಡು ಬಂತು, ಎಲ್ಲರೆದುರೇ ಅತ್ತುಬಿಟ್ಟೆ.

ಕೊನೆಗೆ ಅವಳೇ ಹುಲ್ಲಿನ ಮೇಲೆ ಸರಿದು, ಗೇಟಿನ ಎರಡೂ ಬಾಗಿಲು ಎಳೆದು ಅಗುಳಿ ಹಾಕಿದಳು. "ಇದು ದಾರಿಯಲ್ಲ" ಎಂದಳು. "ಹಿಂದೆ ಅಡುಗೆಮನೆ ಬಾಗಿಲಿದೆ, ಅಲ್ಲಿಂದ ಹೋಗಿ."

ಎಂಬತ್ತು ವರ್ಷದ ಶಾಲೆಯ ಇಡೀ ಮೆರವಣಿಗೆ, ಬಾವುಟ ಸಮೇತ, ಕಲ್ಲಿದ್ದಲ ರಾಶಿಯನ್ನು ಬಳಸಿಕೊಂಡು ಹಿತ್ತಿಲ ಕಡೆಗೆ ಹೊರಟಿತು. ಅಪ್ಪ ಮಾತ್ರ ಇದ್ದಲ್ಲೇ ಇದ್ದ. ನಾನು ಅವನ ಬಳಿ ಹೋಗುವಷ್ಟರಲ್ಲಿ ಮೇತಾ ಅತ್ತೆ ಅವನೆದುರು ಬಂದು ನಿಂತಿದ್ದಳು.

"ನಿನ್ನ ಮುಖ ನೋಡೋಕೂ ಇಷ್ಟ ಇಲ್ಲ ನಂಗೆ" ಎಂದಳು.

"ಗೊತ್ತು" ಎಂದ ಅಪ್ಪ.

"ಗೊತ್ತಲ್ವಾ. ಕೈ ಕೊಡು ಮತ್ತೆ. ಹಿಂದ್ಗಡೆ ಇಳಿಜಾರಿದೆ, ಬಿದ್ದು ಸತ್ತೀಯ."